ಬೇಲಿಯಾಚೆಯ ಸೆನ್ಸೆಕ್ಸ್

ನಮ್ಮ ಸಾಗರದ ಕಡೆಯವರಿಗೆ ಪೇಟೆಯ ಏರಿಳಿತವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ವರ್ಷದ ಅಡಿಕೆಯನ್ನು ಮೂಟೆ ಕಟ್ಟಿ ಅಟ್ಟಕ್ಕೇರಿಸಿ, ದರ ಏರಲಿ ಎಂದು ಕಾದು, ಏರಿದಾಗ ಇನ್ನೂ ಏರೀತು ಎಂದು ತಡೆದು, ಇಳಿದಾಗ ಮತ್ತೆ ಏರದೆ ಎಲ್ಲಿ ಹೋಗುತ್ತದೆ ಎಂದು ಕೂತು, ಕೊನೆಗೆ ಮಗಳ ಮದುವೆಗೋ ಸೊಸೈಟಿ ಸಾಲದ ಕಂತಿಗೋ ಸಿಕ್ಕಿದ ದರಕ್ಕೆ ಮಂಡಿಗೆ ಹಾಕಿ ಬರುವವರು ನಾವು. ಬೆಳಗಿನ ಪೇಪರಿನಲ್ಲಿ ಮೊದಲು ಕಣ್ಣು ಹೋಗುವುದು ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಪಟ್ಟಿಯ ಮೇಲೆ. ತೀರಿಕೊಂಡವರ ಸುದ್ದಿ ಆಮೇಲೆ. ಹೀಗಿರುವಾಗ ಪಕ್ಕದ ಮನೆ ಅಕ್ಕ ಅರವತ್ತು ದಾಟಿದ ಮೇಲೆ ಷೇರು ಕೊಳ್ಳಲು ಡಿಮ್ಯಾಟ್ ಖಾತೆ ತೆರೆದದ್ದು ದೊಡ್ಡ ಸುದ್ದಿಯಲ್ಲ. ತೆರೆದ ಮೇಲೆ ಆಕೆ ಖುಷಿಯಾಗಿದ್ದಾಳಲ್ಲ, ಅದು ಸುದ್ದಿ.

ದುಡ್ಡು ಬಂದು ಖುಷಿಯಾದವರನ್ನು ನೋಡಿದ್ದೇನೆ, ಹೋಗಿ ಸಪ್ಪಗಾದವರನ್ನೂ ನೋಡಿದ್ದೇನೆ. ಅಕ್ಕ ಎರಡೂ ಗುಂಪಿಗೆ ಸೇರಿದವಳಲ್ಲ. ಪೇಟೆ ಏರಿದ ದಿನವೂ ಬಿದ್ದ ದಿನವೂ ಮಧ್ಯಾಹ್ನ ಮೂರೂವರೆಗೆ ವಹಿವಾಟು ಮುಗಿಯಿತೋ ಇಲ್ಲವೋ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬೇಲಿ ಹತ್ತಿರ ಬಂದಳೆಂದೇ ಲೆಕ್ಕ. "ತಂಗೀ, ಇವತ್ತು ಎಂತಾಯ್ತು ಗೊತ್ತಾ ಮಾರಾಯ್ತಿ!" ಎನ್ನುವ ದನಿಯಲ್ಲಿ ಲಾಭ ಯಾವುದು ನಷ್ಟ ಯಾವುದು ಎಂದು ನನಗೆ ಇವತ್ತಿಗೂ ಗುರುತು ಹತ್ತಿಲ್ಲ.

ನಾವು ಕೈಯೂರಿ ನಿಲ್ಲುವ ಆ ಬೇಲಿಯದೂ ಒಂದು ಪೇಟೆಯ ಕಥೆಯೇ. ಅದು ಗ್ಲಿರಿಸಿಡಿಯಾ ಗಿಡದ ಬೇಲಿ. ಆ ಗೂಟಗಳನ್ನು ಭಾವ ನೆಟ್ಟದ್ದು ಬೇಲಿಗಾಗಿ ಅಲ್ಲ, ವೆನಿಲ್ಲಾ ಬಳ್ಳಿ ಹಬ್ಬಿಸಲಿಕ್ಕೆ. ಜಗತ್ತಿನ ವೆನಿಲ್ಲಾದ ಬಹುಪಾಲು ಬೆಳೆಯುವ ಮಡಗಾಸ್ಕರಿಗೆ 2000ದಲ್ಲಿ ಚಂಡಮಾರುತ ಬಡಿಯಿತು. ಅಲ್ಲಿ ತೋಟ ನೆಲಕಚ್ಚಿದ್ದೇ ಇಲ್ಲಿ ದರ ಮೇಲೆದ್ದಿತು. 2003ರ ಹೊತ್ತಿಗೆ ಹಸಿ ಕೋಡಿಗೆ ಕಿಲೋಗೆ 3,000 ರೂಪಾಯಿ ದಾಟಿತ್ತು. ಭೂಪಟದಲ್ಲಿ ಮಡಗಾಸ್ಕರ್ ತೋರಿಸು ಎಂದರೆ ಶ್ರೀಲಂಕಾದ ಮೇಲೆ ಕೈಯಿಡುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಗಳೆಲ್ಲ ಆಗ ಅಲ್ಲಿನ ಮಳೆ ಗಾಳಿಯ ವರದಿ ಒಪ್ಪಿಸುತ್ತಿದ್ದರು.

ವೆನಿಲ್ಲಾ ಹೂವು ಬೆಳಗ್ಗೆ ಅರಳಿದರೆ ಮಧ್ಯಾಹ್ನದೊಳಗೆ ಬಾಡುತ್ತದೆ. ಅಷ್ಟರಲ್ಲಿ ಒಂದೊಂದು ಹೂವಿಗೂ ಸಣ್ಣ ಕಡ್ಡಿಯಲ್ಲಿ ಪರಾಗ ಮುಟ್ಟಿಸಬೇಕು. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಈ ಉಪಾಯ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ. ಅವನ ಬೆರಳಿನ ಚಳಕದಿಂದ ಎಷ್ಟೋ ಜನ ಸಾಹುಕಾರರಾದರು. ಅವನು ಬಡವನಾಗಿಯೇ ಸತ್ತ. ಇದನ್ನು ನಾನು ಹೇಳಿದಾಗ ಕಡ್ಡಿ ಹಿಡಿದು ಕೂತಿದ್ದ ಭಾವನಿಗೆ ರುಚಿಸಲಿಲ್ಲ. ಕೋಡು ಬಲಿಯಲಿಕ್ಕೆ ಒಂಬತ್ತು ತಿಂಗಳು. ಕಳ್ಳರ ಭಯಕ್ಕೆ ರಾತ್ರಿಯಿಡೀ ಟಾರ್ಚು, ನಾಯಿ, ಕಾವಲು. ಆ ಒಂಬತ್ತು ತಿಂಗಳು ಭಾವ ಮಲಗಿದ್ದನ್ನು ನೋಡಿದವರಿಲ್ಲ. ಮುಂದೆ ಮಡಗಾಸ್ಕರಿನಲ್ಲಿ ಮತ್ತೆ ಬೆಳೆ ಬಂತು. ಅಷ್ಟು ದುಬಾರಿ ಸರಕು ಯಾರಿಗೆ ಬೇಕು ಎಂದು ಐಸ್‌ಕ್ರೀಮಿನವರು ಕೃತಕ ವೆನಿಲಿನ್‌ಗೆ ತಿರುಗಿದ್ದರು. ಎರಡು ಮೂರು ವರ್ಷದೊಳಗೆ ಕಿಲೋಗೆ 100 ರೂಪಾಯಿಯೂ ಕಷ್ಟವಾಯಿತು. ಬಳ್ಳಿ ಹೋಯಿತು, ಗೂಟ ಚಿಗುರಿತು.

ಒಂದೇ ಮನೆಯಲ್ಲಿ, ಒಂದೇ ಬಳ್ಳಿಯಿಂದ, ಗಂಡ ಹೆಂಡತಿ ಕಲಿತ ಪಾಠ ಮಾತ್ರ ಬೇರೆ ಬೇರೆ. ಪೇಟೆ ಎಂದರೆ ಹಗಲುದರೋಡೆ ಎಂಬುದು ಭಾವನ ತೀರ್ಮಾನ. ಅಕ್ಕ ಹೇಳುವುದು ಇಷ್ಟು: "ಬೆಳೆದದ್ದು ತಪ್ಪಲ್ಲ ತಂಗಿ. ಬಾಳೆ, ಕಾಳುಮೆಣಸು ಎಲ್ಲ ಕಿತ್ತು ಅದೊಂದನ್ನೇ ಹಚ್ಚಿದ್ರಲ್ಲ, ಅದಕ್ಕೆ ಎಂತ ಹೇಳೋದು?" ಹಾಗಾಗಿ ಆಕೆಯ ದುಡ್ಡಿನ ಮುಕ್ಕಾಲು ಪಾಲು ಇರುವುದು ಯಾವುದೋ ಒಂದು ಕಂಪನಿಯಲ್ಲಿ ಅಲ್ಲ, ನಿಫ್ಟಿಯ ಐವತ್ತೂ ಕಂಪನಿಗಳನ್ನು ಒಟ್ಟಿಗೆ ಕೊಳ್ಳುವ ಫಂಡಿನಲ್ಲಿ, ತಿಂಗಳು ತಿಂಗಳು ಇಷ್ಟಿಷ್ಟು ಎಂದು. ಅದಕ್ಕೆ ಎಸ್‌ಐಪಿ ಎನ್ನುತ್ತಾರೆ ಎಂದು ಮಗ ಬಿಡಿಸಿ ಹೇಳಿದನಂತೆ. "ಅಯ್ಯೋ, ಪಿಗ್ಮಿ ಅನ್ನು" ಎಂದಳಂತೆ ಅಕ್ಕ. ಖರೆಯೇ. ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿಯನ್ನು ಸಿಂಡಿಕೇಟ್ ಬ್ಯಾಂಕು ಶುರು ಮಾಡಿದ್ದು 1928ರಲ್ಲಿ, ನಮ್ಮ ಕರಾವಳಿಯಲ್ಲೇ. ಆಗ ಎರಡಾಣೆ ಕೊಟ್ಟವರಿಗೆ ಬಡ್ಡಿ ಎಷ್ಟೆಂದು ಮೊದಲೇ ಗೊತ್ತಿರುತ್ತಿತ್ತು, ಈಗ ಕೊಡುವವರಿಗೆ ಗೊತ್ತಿಲ್ಲ. ಆದರೂ 2024ರ ಅಕ್ಟೋಬರಿನಲ್ಲಿ ಈ ಹೊಸ ಪಿಗ್ಮಿಗೆ ದೇಶದ ಜನ ಒಂದೇ ತಿಂಗಳಲ್ಲಿ ಹಾಕಿದ್ದು 25,000 ಕೋಟಿ ರೂಪಾಯಿಗೂ ಹೆಚ್ಚು. 2020ರ ಮಾರ್ಚಿನಲ್ಲಿ ನಾಲ್ಕು ಕೋಟಿಯಷ್ಟಿದ್ದ ಡಿಮ್ಯಾಟ್ ಖಾತೆಗಳು ನಾಲ್ಕೇ ವರ್ಷದಲ್ಲಿ ಹದಿನೈದು ಕೋಟಿ ದಾಟಿದವು. ಅಕ್ಕ ಒಬ್ಬಳೇ ಅಲ್ಲ ಎಂದಾಯಿತು.

ನನಗೆ ಖಾತೆಯಿಲ್ಲ. ಪಿಂಚಣಿ ಇದೆ, ಅರ್ಧ ಎಕರೆ ತೋಟ ಇದೆ, ಓದುವ ಚಟ ಇದೆ. ಓದುವ ಚಟದವರು ಪಕ್ಕದ ಮನೆಯವರಿಗೆ ಉಪದೇಶ ಮಾಡದೆ ಇರಲಾರರು. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ ಎಂಬ ಇಬ್ಬರು ಮನಃಶಾಸ್ತ್ರಜ್ಞರು 1979ರಲ್ಲಿ ಬರೆದದ್ದನ್ನು ಒಂದು ದಿನ ಬೇಲಿ ಮೇಲೆ ಹರಡಿದೆ. ಕೈಗೆ ಬಂದ ನೂರು ರೂಪಾಯಿಯ ಸುಖಕ್ಕಿಂತ ಕೈಬಿಟ್ಟ ನೂರು ರೂಪಾಯಿಯ ಸಂಕಟ ದೊಡ್ಡದು. ಸುಮಾರು ಎರಡು ಪಟ್ಟು ಎನ್ನುತ್ತಾರೆ. 1995ರಲ್ಲಿ ಬೆನಾರ್ಟ್ಜಿ, ಥೇಲರ್ ಎಂಬಿಬ್ಬರು ಇದನ್ನು ಷೇರಿಗೆ ಹಚ್ಚಿದರು: ಸಂಕಟ ಎಷ್ಟು ಎಂಬುದು ನೀವು ಎಷ್ಟು ಸಲ ಇಣುಕಿ ನೋಡುತ್ತೀರಿ ಎಂಬುದರ ಮೇಲಿದೆ.

ಲೆಕ್ಕ ಹಾಕಿಯೇ ತೋರಿಸಿದೆ. ದಿನದ ಮಟ್ಟಿಗೆ ಪೇಟೆಯ ಏರಿಕೆ ಇಳಿಕೆ ಹೆಚ್ಚುಕಡಿಮೆ ಸಮ, ಏರುವ ದಿನಗಳು ಕೂದಲೆಳೆಯಷ್ಟು ಜಾಸ್ತಿ. ನೂರು ದಿನದಲ್ಲಿ 53 ಏರಿತು, 47 ಇಳಿಯಿತು ಎಂದಿಟ್ಟುಕೊಳ್ಳೋಣ. ಏರಿದ ದಿನಕ್ಕೆ ಒಂದು ಖುಷಿ, ಇಳಿದ ದಿನಕ್ಕೆ ಎರಡು ಸಂಕಟ. ಜಮೆ 53, ಖರ್ಚು 94. ದುಡ್ಡು ಬೆಳೆದಿದೆ, ಮನಸ್ಸು 41 ಸಂಕಟದ ಸಾಲದಲ್ಲಿದೆ! ಅದೇ ವರ್ಷಕ್ಕೊಮ್ಮೆ ನೋಡಿದರೆ? ಏರಿದ ವರ್ಷಗಳೇ ಹೆಚ್ಚು. ಹತ್ತರಲ್ಲಿ ಏಳು ಎಂದು ಹಿಡಿ. ಖುಷಿ ಏಳು, ಸಂಕಟ ಆರು.

"ಅಂದ್ರೆ ಹತ್ತು ವರ್ಷಕ್ಕೆ ಒಂದು ಖುಷಿ ಉಳೀತು" ಎಂದಳು ಅಕ್ಕ. "ಅದೆಂತ ಬದುಕು ಮಾರಾಯ್ತಿ? ಧಾರಾವಾಹಿನ ವರ್ಷಕ್ಕೊಂದು ಸಲ ನೋಡ್ತಾರಾ? ಸೊಸೆ ಅಳ್ತಾಳೆ ಅಂತ ನಾವು ಟಿವಿ ಆರಿಸ್ತೀವಾ? ನಾಳೆ ಎಂತಾಗುತ್ತೆ ಅಂತಲೇ ಕೂತಿರೋದಲ್ಲವಾ?"

ಕಾನೆಮನ್‌ಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಕ್ಕಿಲ್ಲ. ನೊಬೆಲ್ ಸಮಿತಿಯವರಂತೂ ಕೇಳದೆ 2002ರಲ್ಲಿ ಬಹುಮಾನ ಕೊಟ್ಟುಬಿಟ್ಟರು.

ಆ ಮೇಲೆ ನಾನು ಅಕ್ಕನನ್ನು ಸ್ವಲ್ಪ ಗಮನವಿಟ್ಟು ನೋಡತೊಡಗಿದೆ. ಬೆಳಗ್ಗೆ ಒಂಬತ್ತೂಕಾಲಿಗೆ ಪೇಟೆ ತೆರೆಯುವುದರೊಳಗೆ ಕೊಟ್ಟಿಗೆ ಕೆಲಸ, ತಿಂಡಿ ಎಲ್ಲ ಮುಗಿದಿರುತ್ತದೆ. ಮೊದಲು ಆ ಹೊತ್ತಿಗೆ ಶುರುವಾಗುತ್ತಿದ್ದದ್ದು ಮಂಡಿನೋವಿನ ವಿಚಾರ. ಮಗ ಅಮೆರಿಕದಲ್ಲಿ. ಮುಂಚೆ ಅವನ ಫೋನೆಂದರೆ "ಊಟ ಆಯ್ತಾ, ಮಳೆ ಬಂತಾ, ಅಪ್ಪನಿಗೆ ಬಿಪಿ ಹೇಗಿದೆ" ಎಂಬ ಮೂರು ಪ್ರಶ್ನೆ; ಮೂರಕ್ಕೂ ಉತ್ತರ ಗೊತ್ತಿದ್ದೇ ಕೇಳುವುದು. ಈಗ ತಾಯಿ ಮಗ ಇಬ್ಬರೂ ರಿಸರ್ವ್ ಬ್ಯಾಂಕು ರೆಪೊ ದರ ಇಳಿಸೀತೇ ಎಂದು ಅರ್ಧ ಗಂಟೆ ವಾದ ಮಾಡುತ್ತಾರೆ. ಒಮ್ಮೆ ಆಕೆ ದನಿಯೇರಿಸಿ "ನೀ ಸುಮ್ನಿರೋ, ನಿಂಗೆ ಬ್ಯಾಂಕ್ ಷೇರು ಅರ್ಥ ಆಗೋದಿಲ್ಲ" ಎಂದು ಮಗನನ್ನು ಗದರಿಸಿದ್ದು ನಮ್ಮ ಅಡುಗೆಮನೆಗೆ ಕೇಳಿಸಿತು. ಅವನು ಹೈಸ್ಕೂಲಿಗೆ ಹೋಗುತ್ತಿದ್ದಾಗ ಗದರಿಸಿದ್ದೇ ಕೊನೆ, ಆಮೇಲೆ ಅವನಿಗಿಂತ ಹೆಚ್ಚು ತಿಳಿದ ವಿಷಯ ಆಕೆಗೆ ಸಿಕ್ಕಿರಲಿಲ್ಲ. ಆಕೆಯ ಖಾತೆಯಲ್ಲಿ ಲಾಭ ಎಷ್ಟಿದೆಯೋ, ನಾನು ಕೇಳಿಲ್ಲ. ಈ ಲಾಭವಂತೂ ಕಣ್ಣಿಗೆ ಕಾಣುತ್ತದೆ.

ಹಾಗೆಂದು ಪೇಟೆಯಲ್ಲಿ ಎಲ್ಲರಿಗೂ ಇಂಥದೇ ಕಾಲಕ್ಷೇಪ ಎಂದು ಹೊಗಳುವ ಮನಸ್ಸು ನನಗಿಲ್ಲ. ಭಾವನ ತಂಗಿಯ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವನು, ದರ ಏರೀತೋ ಇಳಿದೀತೋ ಎಂದು ಪಣ ಕಟ್ಟುವ ಆಪ್ಷನ್ ವ್ಯವಹಾರಕ್ಕೆ ಇಳಿದ. ಮೊದಲ ವಾರ ಬಂದ ಲಾಭದಲ್ಲಿ ಎಲ್ಲರಿಗೂ ಸ್ವೀಟು. ಮುಂದಿನದು ಹೇಳುವುದು ಬೇಡ. ಸಾಲ ತೀರಿಸಲು ಅವನ ಅಪ್ಪ ಅಟ್ಟದ ಅಡಿಕೆಯನ್ನೆಲ್ಲ ಇಳಿಸಿದರು, ಅದೂ ದರವಿಲ್ಲದ ಹೊತ್ತಿನಲ್ಲಿ. ಷೇರುಪೇಟೆಯ ಮೇಲ್ವಿಚಾರಣೆಯ ಸೆಬಿಯೇ 2024ರ ಸೆಪ್ಟೆಂಬರಿನಲ್ಲಿ ಲೆಕ್ಕ ಕೊಟ್ಟಿದೆ: ಮೂರು ವರ್ಷದಲ್ಲಿ ಈ ಫ್ಯೂಚರ್ಸ್, ಆಪ್ಷನ್ಸ್ ಆಡಿದ ಬಿಡಿ ವ್ಯವಹಾರಸ್ಥರಲ್ಲಿ ನೂರಕ್ಕೆ 93 ಜನ ಕಳೆದುಕೊಂಡವರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿದೆ. ನೂರಕ್ಕೆ ತೊಂಬತ್ತಮೂರು ಎಂದರೆ ಜಾತ್ರೆಯ ಇಸ್ಪೀಟು ಮಂಡದವನೂ ನಾಚಿಕೊಳ್ಳಬೇಕು. ಕಂಪನಿ ಬೆಳೆದರೆ ಅದರ ಪಾಲುದಾರರೆಲ್ಲ ಒಟ್ಟಿಗೆ ಬೆಳೆಯಬಹುದು, ಇಲ್ಲಿ ಹಾಗಲ್ಲ. ಒಬ್ಬನಿಗೆ ಬಂದ ರೂಪಾಯಿ ಇನ್ನೊಬ್ಬನ ಜೇಬಿನಿಂದಲೇ ಬರಬೇಕು, ನಡುವೆ ದಲ್ಲಾಳಿಯ ಕಮಿಷನ್ನು, ಸರ್ಕಾರದ ತೆರಿಗೆ ಬೇರೆ. ಆ ಹುಡುಗ ಊರಿಗೆ ಬಂದಾಗ ಅಕ್ಕ ಬುದ್ಧಿ ಹೇಳಲಿಲ್ಲ. ಅವನ ಫೋನನ್ನು ಕಸಿದು ಅಕ್ಕಿ ಡಬ್ಬದಲ್ಲಿ ಹಾಕಿ ಮುಚ್ಚಿದಳು. ಎರಡು ದಿನ ತೋಟ ಸುತ್ತಿದ, ಚೆನ್ನಾಗಿ ಉಂಡ.

ಇನ್ನೊಂದು ಜಾತಿಯ ದುಃಖವಿದೆ. ಅದಕ್ಕೆ ಖಾತೆಯೂ ಬೇಡ. ಮದುವೆ ಮನೆಯಲ್ಲಿ ಊಟ ಮುಗಿಸಿ ಕವಳ ಹಾಕುವ ಹೊತ್ತಿಗೆ ಯಾರಾದರೊಬ್ಬರು "ಆಗಲೇ ಇನ್ಫೋಸಿಸ್ ತಗೊಂಡಿದ್ದರೆ" ಎಂದು ಶುರು ಮಾಡುತ್ತಾರೆ. 1993ರಲ್ಲಿ ಆ ಷೇರನ್ನು ಮೊದಲ ಬಾರಿಗೆ 95 ರೂಪಾಯಿಯಂತೆ ಜನರ ಮುಂದಿಟ್ಟಾಗ ಪೂರ್ತಿ ಕೊಳ್ಳುವವರೇ ಇರಲಿಲ್ಲ. ಆಗ 9,500 ಕೊಟ್ಟು ನೂರು ಷೇರು ಕೊಂಡವರದು ಬೋನಸ್, ವಿಭಜನೆ ಎಲ್ಲ ಸೇರಿ ಲಕ್ಷ ಷೇರು ದಾಟಿದೆ, ಮೌಲ್ಯ ಕೋಟಿಗಟ್ಟಲೆ. ಇದನ್ನು ಕೇಳಿ ಹೊಟ್ಟೆ ಉರಿಸಿಕೊಳ್ಳದವರಿಲ್ಲ. ಆದರೆ 1993ರಲ್ಲಿ ಆ ಮೊತ್ತ ಮೇಷ್ಟರೊಬ್ಬರ ಎಷ್ಟು ತಿಂಗಳ ಸಂಬಳ ಎಂದು ನನಗೆ ಗೊತ್ತು. 2000ದಲ್ಲಿ ತುದಿಗೇರಿದ್ದ ಅದೇ ಷೇರು ಮರುವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಕರಗಿದಾಗ ಮಾರದೆ ಕೂತಿರುವ ಗುಂಡಿಗೆ ಕವಳ ಹಾಕುವ ಆ ಪಂಕ್ತಿಯಲ್ಲಿ ಎಷ್ಟು ಜನಕ್ಕಿತ್ತು? ಕೊಳ್ಳದೇ ಇದ್ದ ಷೇರಿನ ಲೆಕ್ಕ ಬರೆಯುವವರು ಅದನ್ನು ಯಾವತ್ತೂ ತಪ್ಪಾದ ಹೊತ್ತಿನಲ್ಲಿ ಮಾರುವುದಿಲ್ಲ, ಅದೇ ಅದರ ಸೊಗಸು.

ಸೆನ್ಸೆಕ್ಸ್ ಎಂಬುದರ ಜಾತಕವೂ ಹಾಗೆಯೇ. 1978–79ನ್ನು 100 ಎಂದು ಹಿಡಿದು ಎಣಿಸಿದ ಸೂಚ್ಯಂಕ 2024ರ ಸೆಪ್ಟೆಂಬರಿನಲ್ಲಿ 85,000 ದಾಟಿತು ಎಂದರೆ ಕೇಳಲಿಕ್ಕೆ ಚೆಂದ. ನಡುವೆ 2008ರ ಜನವರಿಯಲ್ಲಿ 21,000 ಮುಟ್ಟಿದ್ದು ಅದೇ ಅಕ್ಟೋಬರಿನಲ್ಲಿ 8,000ದ ಕೆಳಗೆ ಇಣುಕಿತು. 2020ರ ಮಾರ್ಚ್ 23ರಂದು ಒಂದೇ ದಿನ 3,934 ಅಂಶ, ಅಂದರೆ ನೂರಕ್ಕೆ ಹದಿಮೂರು ಪಾಲು ಬಿದ್ದು 25,981ಕ್ಕೆ ನಿಂತಿತು. ನಡುವೆ ಮುಕ್ಕಾಲು ಗಂಟೆ ವಹಿವಾಟನ್ನೇ ನಿಲ್ಲಿಸಬೇಕಾಯಿತು. ಮರುದಿನ ರಾತ್ರಿ ದೇಶಕ್ಕೇ ಬೀಗ. ಮುಂದಿನ ಜನವರಿಯಲ್ಲಿ ಅದೇ ಸೂಚ್ಯಂಕ 50,000 ಮುಟ್ಟಿತು. ಬಿದ್ದದ್ದಕ್ಕೂ ಎದ್ದದ್ದಕ್ಕೂ ಟಿವಿಯಲ್ಲಿ ಕಾರಣ ಹೇಳುತ್ತಿದ್ದವರು ಮಾತ್ರ ಅವರೇ, ಕೋಟೂ ಅದೇ. ಷೇರುಪೇಟೆ ಅರ್ಥವಾಯಿತೇ ಎಂದು ಅಕ್ಕನನ್ನು ಕೇಳಿದರೆ "ಹೋದ ವಾರದ್ದು ಎಲ್ಲ ಅರ್ಥ ಆಗಿದೆ" ಎನ್ನುತ್ತಾಳೆ. ಇದಕ್ಕಿಂತ ಪ್ರಾಮಾಣಿಕ ವಿಶ್ಲೇಷಣೆಯನ್ನು ನಾನು ಯಾವ ಚಾನೆಲ್ಲಿನಲ್ಲೂ ಕೇಳಿಲ್ಲ.

ಭಾವನಿಗೆ ಇದೆಲ್ಲ ಒಪ್ಪಿಗೆಯಿಲ್ಲ. ತೃಪ್ತಿಗೂ ಷೇರಿಗೂ ಎಣ್ಣೆ ಸೀಗೆ ಸಂಬಂಧ ಎನ್ನುತ್ತಾನೆ. ದೇಶದ ಸಂತೋಷವನ್ನೇ ಅಳೆಯುತ್ತೇವೆ ಎಂದು ಹೊರಟ ಭೂತಾನಿನಲ್ಲೂ 1993ರಿಂದ ಷೇರು ವಿನಿಮಯ ಕೇಂದ್ರವಿದೆ ಎಂದು ನಾನು ಹೇಳಿದ್ದಕ್ಕೆ "ಅಲ್ಲೂ ಹೆಂಗಸರು ಬೇಲಿ ಹತ್ತಿರ ನಿಲ್ಲುತ್ತಾರಾ?" ಎಂದು ಕೇಳಿ ಹಾಳೆಟೊಪ್ಪಿ ಹಾಕಿಕೊಂಡು ತೋಟಕ್ಕೆ ಇಳಿದ.

ದೀಪಾವಳಿ ಅಮಾವಾಸ್ಯೆಯ ದಿನ ಪೇಟೆಯಲ್ಲಿ ಒಂದು ಗಂಟೆಯ ಮುಹೂರ್ತದ ವಹಿವಾಟು ನಡೆಯುತ್ತದೆ, ಸಾಮಾನ್ಯವಾಗಿ ಸಂಜೆ ಹೊತ್ತು. ಆಗ ಏನಾದರೂ ಕೊಂಡರೆ ವರ್ಷವಿಡೀ ಒಳ್ಳೆಯದು ಎಂಬುದು ಗುಜರಾತಿ, ಮಾರವಾಡಿಗಳಿಂದ ಬಂದ ನಂಬಿಕೆ. ನಮ್ಮ ಕಡೆ ಅದು ಬಲೀಂದ್ರ ಮನೆಯೊಳಗೆ ಕೂತಿರುವ ಸಮಯ. ಅಕ್ಕ ಬಲೀಂದ್ರನಿಗೆ ಆರತಿ ಮಾಡಿ, ಅಲ್ಲೇ ಪಕ್ಕದ ಮಣೆಯ ಮೇಲೆ ಕೂತು, ಕನ್ನಡಕ ಏರಿಸಿ ಒಂದು ಷೇರು ಕೊಂಡಳು. ಪ್ರಸಾದಕ್ಕೆಂದು ಹೋಗಿದ್ದ ನಾನೂ ಇದ್ದೆ.

"ಬಲೀಂದ್ರನೂ ಹೀಗೇ ಕೈಯಲ್ಲಿದ್ದದ್ದನ್ನೆಲ್ಲ ಧಾರೆ ಎರೆದೇ ಪಾತಾಳಕ್ಕೆ ಇಳಿದದ್ದು" ಎಂದ ಭಾವ, ನನಗೆ ಕೇಳಲಿ ಎಂದು.

ಅಕ್ಕ ಫೋನಿನಿಂದ ಕಣ್ಣು ತೆಗೆಯಲಿಲ್ಲ. "ಇಳಿದವ ವರ್ಷಕ್ಕೊಂದು ಸಲ ಮೇಲೆ ಬರ್ತಾನಲ್ಲ. ನಿಮ್ಮ ವೆನಿಲ್ಲಾ ಬಂತಾ?"