ಹಿಂದಿನ ಕೆಲಸ ಬಿಟ್ಟ ಕಾರಣ?

ಪೀಣ್ಯದಲ್ಲಿ ಲೇತ್ ಆಪರೇಟರ್ ಕೆಲಸ ಕೇಳಿಕೊಂಡು ಹೋದ ಹುಡುಗನಿಗೆ ಮೊದಲ ಪ್ರಶ್ನೆ: ಹಿಂದಿನ ಕೆಲಸ ಯಾಕೆ ಬಿಟ್ಟೆ? ಎರಡು ವರ್ಷದಲ್ಲಿ ಮೂರು ಫ್ಯಾಕ್ಟರಿ ಬದಲಿಸಿದ್ದರೆ ಸೂಪರ್‌ವೈಸರ್ ಕನ್ನಡಕದ ಮೇಲಿಂದ ನೋಡುತ್ತಾನೆ. ಇದೇ ಪೀಣ್ಯವನ್ನು ಒಳಗೊಂಡ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರ 2014ರಲ್ಲೂ 2019ರಲ್ಲೂ ಡಿ.ವಿ. ಸದಾನಂದ ಗೌಡರ ಬಯೋಡೇಟಾವನ್ನು ಕಣ್ಣುಮುಚ್ಚಿ ಪಾಸು ಮಾಡಿತು.

ಸುಳ್ಯದ ಗೌಡರು ಮೊದಲು ಪುತ್ತೂರಿನ ಶಾಸಕ, ಆಮೇಲೆ ಮಂಗಳೂರಿನ ಸಂಸದ, ಆಮೇಲೆ ಉಡುಪಿ-ಚಿಕ್ಕಮಗಳೂರಿನ ಸಂಸದ. 2011ರ ಆಗಸ್ಟ್‌ನಲ್ಲಿ ಲೋಕಾಯುಕ್ತರ ಗಣಿ ವರದಿಯ ಧೂಳಿಗೆ ಯಡಿಯೂರಪ್ಪನವರು ಮುಖ್ಯಮಂತ್ರಿ ಕುರ್ಚಿ ಬಿಡಬೇಕಾದಾಗ ಇವರನ್ನು ತಂದು ಕೂರಿಸಿದರು. ಹನ್ನೊಂದು ತಿಂಗಳಿಗೆ ಎಬ್ಬಿಸಿದ್ದೂ ಅವರೇ. ಟೆಂಪರರಿ ನೌಕರ ಪರ್ಮನೆಂಟ್ ಆಗುವ ಲಕ್ಷಣ ತೋರಿಸಿದರೆ ಏನಾಗುತ್ತದೆಂದು ಪೀಣ್ಯದ ಯಾವ ಗೇಟಿನಲ್ಲಿ ಕೇಳಿದರೂ ಹೇಳುತ್ತಾರೆ.

2014ರಲ್ಲಿ ಗೆದ್ದು ಹೋದಾಗ ದೆಹಲಿಯಲ್ಲಿ ರೈಲ್ವೆ ಖಾತೆ ಸಿಕ್ಕಿತು. 2014ರ ಜುಲೈ ಬಜೆಟ್‌ನಲ್ಲಿ ಬುಲೆಟ್ ರೈಲು ಘೋಷಿಸಿದರು, ಮುಂಬೈ-ಅಹಮದಾಬಾದಿಗೆ. (ಬೆಂಗಳೂರಿನ ಉಪನಗರ ರೈಲಿಗೆ ಅಡಿಗಲ್ಲು ಬಿದ್ದದ್ದು 2022ರಲ್ಲಿ.) ನವೆಂಬರ್‌ನಲ್ಲಿ ರೈಲಿನಿಂದ ಇಳಿಸಿ ಕಾನೂನು ಖಾತೆ ಕೊಟ್ಟರು. 2016ರಲ್ಲಿ ಅಲ್ಲಿಂದಲೂ ಎತ್ತಿ ಅಂಕಿಅಂಶ ಖಾತೆಗೆ ಹಾಕಿದರು.

ಇದನ್ನು ಶಿಕ್ಷೆ ಅಂದವರುಂಟು. ಪಾಪ, ಅವರಿಗೆ ಆ ಖಾತೆಯ ಮಹಿಮೆ ಗೊತ್ತಿಲ್ಲ. 2017-18ರ ಸಮೀಕ್ಷೆಯಲ್ಲಿ ನಿರುದ್ಯೋಗ ಶೇ. 6.1 ಎಂದು ಬಂತು. ನಾಲ್ಕೂವರೆ ದಶಕದಲ್ಲೇ ಹೆಚ್ಚು ಎಂದು ಪತ್ರಿಕೆಗಳು ಬರೆದವು. ವರದಿ ಮಾತ್ರ ಕಪಾಟು ಬಿಡಲಿಲ್ಲ. 2019ರ ಜನವರಿಯಲ್ಲಿ ಅಂಕಿಅಂಶ ಆಯೋಗದ ಹಂಗಾಮಿ ಅಧ್ಯಕ್ಷ ಪಿ.ಸಿ. ಮೋಹನನ್ ಬೇಸತ್ತು ರಾಜೀನಾಮೆ ಕೊಟ್ಟರು. ಸಚಿವರು ನಗುಮುಖದಲ್ಲೇ ಇದ್ದರು. ಮತ ಎಣಿಸಿಯಾಗಿ, ಹೊಸ ಸಂಪುಟ ಪ್ರಮಾಣವಚನ ಮುಗಿಸಿದ ಮರುದಿನ, ಮೇ 31ಕ್ಕೆ ವರದಿ ಹೊರಬಂತು. ಅಷ್ಟರಲ್ಲಿ ಗೌಡರು ರಸಗೊಬ್ಬರಕ್ಕೆ ಹೋಗಿದ್ದರು. ‘ಕೆಲಸ ಖಾಲಿ ಇಲ್ಲ’ ಬೋರ್ಡು ಓದಿಕೊಂಡು ಪೀಣ್ಯ ಸುತ್ತಿದವರಿಗೆ ಆ ಅಂಕಿ ಯಾವ ಸಮೀಕ್ಷೆಯೂ ಇಲ್ಲದೆ ಗೊತ್ತಿತ್ತು.

ಗೊಬ್ಬರದ ಜೊತೆ ಔಷಧವೂ ಬಂದಿತ್ತು. 2020ರ ಮೇನಲ್ಲಿ ದೆಹಲಿಯಿಂದ ಬಂದವರಿಗೆಲ್ಲ ಏಳು ದಿನ ಕ್ವಾರಂಟೈನ್. ಗೌಡರು ವಿಮಾನ ಇಳಿದು ಸೀದಾ ಕಾರು ಹತ್ತಿದರು. ಔಷಧ ಸಚಿವರಿಗೆ ವಿನಾಯಿತಿಯಂತೆ. ಕೊರೊನಾಕ್ಕೂ ಪ್ರೋಟೋಕಾಲ್ ತಿಳಿದಿರಬೇಕಲ್ಲ!

2021ರ ಜುಲೈ 7ರಂದು ಅವರು ಸಂಪುಟದಿಂದ ಇಳಿದರು. ಅದೇ ದಿನ ಉಡುಪಿ-ಚಿಕ್ಕಮಗಳೂರಿನ ಸಂಸದೆ ಶೋಭಾ ಕರಂದ್ಲಾಜೆ ಹತ್ತಿದರು. 2024ರಲ್ಲಿ ಚಿಕ್ಕಮಗಳೂರಿನ ಸ್ವಪಕ್ಷದವರೇ ‘ಗೋ ಬ್ಯಾಕ್ ಶೋಭಾ’ ಎಂದಾಗ ಅವರೂ ಗೌಡರ ದಾರಿಯಲ್ಲೇ ಘಟ್ಟ ಇಳಿಯದೆ ಬೆಂಗಳೂರು ಉತ್ತರಕ್ಕೆ ಬಂದರು, ಗೆದ್ದರು. ಈ ಕ್ಷೇತ್ರಕ್ಕೆ ಆಮದು ಹೊಸದಲ್ಲ: ಗೌಡರಿಗಿಂತ ಮೊದಲು ಮೂಡಿಗೆರೆಯ ಡಿ.ಬಿ. ಚಂದ್ರೇಗೌಡ, ಅವರಿಗಿಂತ ಮೊದಲು ಮಿಜೋರಾಂ ಮೂಲದ ಸಾಂಗ್ಲಿಯಾನ.

ಶೋಭಾ ಅವರಿಗೆ ಕೇಂದ್ರದ ರಾಜ್ಯ ಸಚಿವೆಯಾಗಿ ಸಿಕ್ಕ ಖಾತೆಗಳಲ್ಲಿ ಒಂದು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ. ಅಂದರೆ ಪೀಣ್ಯಕ್ಕೆ ಬೇಕಾದದ್ದೇ! ಕ್ಷೇತ್ರಕ್ಕೂ ಖಾತೆಗೂ ಹೀಗೆ ತಾಳೆಯಾಗುವುದು ದೆಹಲಿಯಲ್ಲಿ ಕೈತಪ್ಪಿ ಆಗುವ ಕೆಲಸ. ಮುಂದಿನ ಪುನರ್‌ರಚನೆಯಲ್ಲಿ ಸರಿಮಾಡುತ್ತಾರೆ.