ಹದಿನಾಲ್ಕಿಂಚಿನ ಹಂಬಲ

ವೀಣೆ ಕೂಡಿಟ್ಟವರ ಮನೆಗೆ ಪತ್ರಿಕೆಯವರು ಬಂದು ಫೋಟೊ ತೆಗೆಯುತ್ತಾರೆ. ಗಿಟಾರ್ ಕೂಡಿಟ್ಟವನಿಗೆ ಕಾಲೇಜು ಹುಡುಗರಲ್ಲಿ ಭಯಭಕ್ತಿ. ನಾಣ್ಯ, ಅಂಚೆಚೀಟಿ, ಹಳೆಯ ಗಡಿಯಾರ, ಕೊನೆಗೆ ಬೆಂಕಿಪೊಟ್ಟಣದ ಲೇಬಲ್ಲು ಕೂಡಿಟ್ಟವರಿಗೂ ಸಮಾಜದಲ್ಲಿ ಒಂದು ಸ್ಥಾನಮಾನ ಇದೆ. ಸ್ನೇರ್ ಡ್ರಮ್ ಕೂಡಿಡುವವನಿಗೆ ಮಾತ್ರ ಅದಿಲ್ಲ. ಬಂದವರು ಕಪಾಟಿನ ಮೇಲೆ ಸಾಲಾಗಿ ಕೂತ ಡ್ರಮ್ಮುಗಳನ್ನು ನೋಡುತ್ತಾರೆ, ಇರಾನಿ ಚಹಾ ಮುಗಿಸುತ್ತಾರೆ, ಚಪ್ಪಲಿ ಮೆಟ್ಟುವಾಗ ಮೆಲ್ಲಗೆ ಕೇಳುತ್ತಾರೆ: "ಎಲ್ಲಾ ಒಂದೇ ನಮೂನಿ ಅದಾವಲ್ರೀ?"

ನಮ್ಮ ಮನೆಯವಳು ಅಡುಗೆಮನೆಯಿಂದಲೇ ಉತ್ತರ ಕೊಡುತ್ತಾಳೆ: "ನೀವು ಇವತ್ತು ಕೇಳಿದ್ರಿ, ನಾ ಮದುವಿಯಾದಾಗಿಂದ ಕೇಳಾಕತ್ತೀನಿ."

ಹೊರಗಿನಿಂದ ನೋಡಿದರೆ ಅವರ ಮಾತು ಸುಳ್ಳಲ್ಲ. ಅಡ್ಡಗಲ 14 ಇಂಚು, ಎತ್ತರ ಐದೋ ಆರೂವರೆಯೋ, ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ಕಿನ ಚರ್ಮ, ಸುತ್ತ ಎಂಟೋ ಹತ್ತೋ ತಿರುಪು. ಸೊಗಸೆಲ್ಲ ಇರುವುದು ತಳದಲ್ಲಿ. ಕೆಳಗಿನ ಚರ್ಮಕ್ಕೆ ತಾಗಿಕೊಂಡು ಸುರುಳಿ ಸುತ್ತಿದ ಉಕ್ಕಿನ ತಂತಿಗಳ ಪಟ್ಟಿ ಇರುತ್ತದೆ, ಸಾಮಾನ್ಯವಾಗಿ 20 ಎಳೆ. ಮೇಲೆ ಕಡ್ಡಿ ಬಿತ್ತೆಂದರೆ ಒಳಗಿನ ಗಾಳಿ ಕೆಳಚರ್ಮವನ್ನು ತಳ್ಳುತ್ತದೆ, ಚರ್ಮ ತಂತಿಯನ್ನು ಒದೆಯುತ್ತದೆ, ತಂತಿ ಸುಮ್ಮನಿರದೆ ತಿರುಗಿ ಚರ್ಮಕ್ಕೆ ಬಡಿಯುತ್ತದೆ. 'ಢಬ್' ಎನ್ನಬೇಕಾದದ್ದು 'ಛಟ್' ಎನ್ನುವುದು ಈ ಜಗಳದಿಂದ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲಿನ ಎಳೆ ತೂರಿಸಿ ಝೇಂಕಾರ ಎಬ್ಬಿಸಿದ ನಮ್ಮ ಜನಕ್ಕೆ ಈ ಉಪಾಯ ತಿಳಿಯದ್ದೇನಲ್ಲ. ಪಕ್ಕದ ಸಣ್ಣ ಲಿವರ್ ಇಳಿಸಿದರೆ ತಂತಿ ಸಡಿಲಾಗಿ ಡ್ರಮ್ಮು ಬೆಪ್ಪಾಗುತ್ತದೆ, ಏರಿಸಿದರೆ ಮತ್ತೆ ಬಾಯಿ ಬರುತ್ತದೆ. ಚಿಪ್ಪು ಹಿತ್ತಾಳೆಯೋ, ಅಲ್ಯೂಮಿನಿಯಮ್ಮೋ, ಮೇಪಲ್ ಮರವೋ ಎಂಬುದರ ಮೇಲೆ ಆ ಬಾಯಿಯ ಜಾಯಮಾನ ಬದಲಾಗುತ್ತದೆ. ಬದಲಾಗುತ್ತದೆ ಎಂದು ನಾವು ಡ್ರಮ್ಮರುಗಳು ಪರಸ್ಪರ ಆಣೆ ಮಾಡಿ ಹೇಳಿಕೊಳ್ಳುತ್ತೇವೆ.

ಬಾಯಿ ಬಂದ ಸ್ನೇರ್‌ಗೆ ಒಂದು ಚಾಳಿ ಉಂಟು. ಯಾರೂ ಮುಟ್ಟದಿದ್ದರೂ ಮಾತಾಡುತ್ತದೆ. ಕೋಣೆಯಲ್ಲಿ ಯಾವುದಾದರೂ ತಗ್ಗು ದನಿ ಅದರ ಸ್ವರಕ್ಕೆ ಹೊಂದಿದರೆ ಸಾಕು, ತಂತಿಗಳು ತಾವಾಗಿ ಝರ್ರೆನ್ನುತ್ತವೆ. ಬೆಳಿಗ್ಗೆ ನಮ್ಮ ಮನೆಯಲ್ಲಿ ಚಟ್ನಿಗೆ ಮಿಕ್ಸರ್ ಹಾಕಿದರೆ ಕಪಾಟಿನ ಮೇಲಿನ ಡ್ರಮ್ಮುಗಳು ಒಂದೊಂದಾಗಿ ಎದ್ದು ಹಾಜರಿ ಕೊಡುತ್ತವೆ. "ಈ ಮನ್ಯಾಗ ನಾ ಏನರೆ ಮಾಡಿದ್ರ ಹೂಂ ಅನ್ನೋವು ಇವಷ್ಟೇ ನೋಡ್ರಿ," ಎಂದು ಆಕೆ ನನಗೆ ಕೇಳಿಸುವ ಹಾಗೆ ಡ್ರಮ್ಮಿಗೆ ಹೇಳುತ್ತಾಳೆ. ಹೈದರಾಬಾದಿನ ಒಂದು ರಾಜ್ಯೋತ್ಸವದಲ್ಲಂತೂ ಅತಿಥಿಗಳು ಕವಿರಾಜಮಾರ್ಗದ ಮೇಲೆ ಮಾತಾಡುತ್ತಿದ್ದರು. ಗಂಭೀರವಾದ ಕಂಚಿನ ಕಂಠ. ಹಿಂದೆ ವಾದ್ಯಗೋಷ್ಠಿಗೆಂದು ಬಾಡಿಗೆಗೆ ತರಿಸಿದ ಡ್ರಮ್ ಸೆಟ್ಟು. 'ಕಾವೇರಿಯಿಂದಮಾ ಗೋದಾವರಿವರಂ' ಎಂಬ ಸಾಲು ಬಂದಾಗಲೆಲ್ಲ ಸ್ನೇರ್ ಝರ್ರೆಂದು ಅನುಮೋದಿಸುತ್ತಿತ್ತು. ಅತಿಥಿಗಳು ಹಿಂತಿರುಗಿ ನೋಡುವುದು, ಅಲ್ಲಿ ಯಾರೂ ಇಲ್ಲದಿರುವುದು, ಮತ್ತೆ ಮುಂದುವರಿಸುವುದು. ಅವರು ಗೋದಾವರಿ ದಾಟುವಷ್ಟರಲ್ಲಿ ಮುಂದಿನ ಸಾಲಿನ ಮಕ್ಕಳು ಕುರ್ಚಿಯಿಂದ ಕೆಳಗೆ ಜಾರಿದ್ದರು.

ಇಂಥ ವಸ್ತುವಿನ ಮೇಲೆ ಆಸೆ ಹುಟ್ಟಿತೆಂದರೆ ಅದಕ್ಕೆ ಮದ್ದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಡ್ರಮ್ಮರುಗಳಿಗೆ ಹೇಳಿದ್ದಲ್ಲ. ಮೊದಲ ಕನಸು ಲುಡ್ವಿಗ್ ಸುಪ್ರಾಫೋನಿಕ್. ಅಮೆರಿಕದ ಶಿಕಾಗೋದಲ್ಲಿ ಲುಡ್ವಿಗ್ ಸಹೋದರರು 1909ರಲ್ಲಿ ಶುರುಮಾಡಿದ ಕಂಪನಿ ಅದು. 1960ರ ದಶಕದಲ್ಲಿ ಈ ಅಲ್ಯೂಮಿನಿಯಮ್ ಡ್ರಮ್ ತಂದಿತು. ಜಗತ್ತಿನಲ್ಲಿ ಅತಿ ಹೆಚ್ಚು ಧ್ವನಿಮುದ್ರಿಕೆಗಳಲ್ಲಿ ಕೇಳಿಸುವ ಸ್ನೇರ್ ಇದೇ ಎಂದು ಹೇಳುವ ವಾಡಿಕೆ. ಹಳೆಯವುಗಳಲ್ಲಿ ಅಲ್ಯೂಮಿನಿಯಮ್ಮಿನ ಮೇಲಿನ ಕ್ರೋಮ್ ಲೇಪ ನಿಲ್ಲದೆ ಗುಳ್ಳೆ ಎದ್ದು ಕಿತ್ತು ಬರುತ್ತದೆ. ಬೇರೆ ಯಾವ ಸಾಮಾನಾದರೂ ಇದಕ್ಕೆ ಬೆಲೆ ಇಳಿಸುತ್ತೀರಿ. ನಾವು ಆ ಗುಳ್ಳೆಗಳನ್ನು ಬೆರಳಲ್ಲಿ ಸವರಿ, "ಹಾಂ, ಅಸಲಿ ಮಾಲು," ಎನ್ನುತ್ತೇವೆ.

ಇನ್ನು ರಿಂಗೋ ಸ್ಟಾರ್. ಬೀಟಲ್ಸ್ ತಂಡದ ಈ ಮಹಾಶಯ 1963ರಲ್ಲಿ ಲಂಡನ್ನಿನ ಒಂದು ಅಂಗಡಿಯಿಂದ ಲುಡ್ವಿಗ್ ಸೆಟ್ಟು ತೆಗೆದುಕೊಂಡ. 1964ರ ಫೆಬ್ರವರಿಯಲ್ಲಿ ಅಮೆರಿಕದ ಟಿವಿಯಲ್ಲೂ ಲುಡ್ವಿಗ್ ಡ್ರಮ್ಮುಗಳನ್ನೇ ಬಾರಿಸಿದ. ಮರುದಿನದಿಂದ ಆ ದೇಶದ ಹುಡುಗರಿಗೆಲ್ಲ ಅದೇ ಬೇಕಾಯಿತು, ಕಾರ್ಖಾನೆಗೆ ಹಗಲು ರಾತ್ರಿ ಒಂದಾಯಿತು. ಅವನ ಜೊತೆಗಿದ್ದ ಜಾಜ್ ಫೆಸ್ಟಿವಲ್ ಸ್ನೇರ್ ಎತ್ತರ ಐದೂವರೆ ಇಂಚು. ಆ ಮಾದರಿಯಲ್ಲಿ ಎಲ್ಲರಿಗೂ ಸಿಗುತ್ತಿದ್ದದ್ದು ಐದು. ಈಗ ಅದೇ ವರ್ಷದ, ಅದೇ ಬಣ್ಣದ, ಅದೇ ಐದೂವರೆಯದು ಸಿಕ್ಕರೆ ಹೊಲ ಮಾರುವವರಿದ್ದಾರೆ. ಹೊಲ ಮಾರುವುದು ಆ ಅರ್ಧ ಇಂಚಿಗೆ.

ಆದರೆ ನನಗೆ ತುಂಬ ಇಷ್ಟವಾದ ಕತೆ ಟಾಮಾ ಬೆಲ್ ಬ್ರಾಸ್‌ನದು. ಜಪಾನಿನ ಡ್ರಮ್ಮು, ಮೂರು ಮಿಲಿಮೀಟರ್ ದಪ್ಪದ ಎರಕದ ಚಿಪ್ಪು. ಎತ್ತಿದವನು ಸೊಂಟ ಹಿಡಿದುಕೊಳ್ಳಬೇಕು. 1991ರಲ್ಲಿ ಬಂದ ನಿರ್ವಾಣ ತಂಡದ 'ನೆವರ್‌ಮೈಂಡ್' ಆಲ್ಬಮ್ಮಿನಲ್ಲಿ ಡೇವ್ ಗ್ರೋಲ್ ಗೋಡೆ ಒಡೆಯುವಂತೆ ಬಾರಿಸಿದ್ದು ಇದನ್ನೇ. ಅವನು ಬಾರಿಸಿದ ಆ ಡ್ರಮ್ಮಿಗೆ 'ಟರ್ಮಿನೇಟರ್' ಎಂಬ ಅಡ್ಡಹೆಸರೂ ಇದೆ. ಲೋಕದ ಅರ್ಧ ಡ್ರಮ್ಮರುಗಳು ಕೊಂಡರೆ ಇಂಥದ್ದನ್ನೇ ಕೊಳ್ಳಬೇಕೆಂದು ವರ್ಷಗಟ್ಟಲೆ ದುಡ್ಡು ಕೂಡಿಡುತ್ತಾರಲ್ಲ, ಗ್ರೋಲ್ ಏನು ಮಾಡಿದ್ದ ಗೊತ್ತೆ? ಲಾಸ್ ಏಂಜಲೀಸ್‌ನಲ್ಲಿ ಡ್ರಮ್ ಬಾಡಿಗೆಗೆ ಕೊಡುವವರಲ್ಲಿ ಬಾಡಿಗೆಗೆ ತಂದಿದ್ದ! ಮದುವೆಗೆ ಪಾತ್ರೆ ತಂದ ಹಾಗೆ ತಂದು, ಬಡಿದು, ವಾಪಸ್ ಕೊಟ್ಟು ಹೋದ. ಈ ಸಂಗತಿಯನ್ನು ನಾನು ಮನೆಯಲ್ಲಿ ಹೇಳಬಾರದಿತ್ತು. ಅಂದಿನಿಂದ ನಾನು ಯಾವ ಡ್ರಮ್ಮಿನ ಹೆಸರೆತ್ತಿದರೂ "ಬಾಡಿಗಿ ಎಷ್ಟಂತ?" ಎಂಬ ಪ್ರಶ್ನೆ ತಯಾರಾಗಿರುತ್ತದೆ.

ಎಲ್ಲಕ್ಕೂ ಮೇಲಿನದು ಬ್ಲ್ಯಾಕ್ ಬ್ಯೂಟಿ. 1920ರ ದಶಕದ ಲುಡ್ವಿಗ್. ಹಿತ್ತಾಳೆಯ ಚಿಪ್ಪಿಗೆ ಕಪ್ಪು ನಿಕಲ್ ಲೇಪ, ಆ ಕಪ್ಪನ್ನು ಉಳಿಯಿಂದ ಕೆರೆದು ಹೂಬಳ್ಳಿಯ ಕೆತ್ತನೆ, ಕೆರೆದಲ್ಲಿ ಒಳಗಿನ ಹಿತ್ತಾಳೆ ಬಂಗಾರದ ಹಾಗೆ ಮಿಂಚುತ್ತದೆ. ಬೀದರಿನ ಬಿದ್ರಿ ಕೆಲಸ ನೋಡಿ ಬೆಳೆದ ಸೀಮೆಯವನಿಗೆ ಕಪ್ಪಿನಲ್ಲಿ ಹೊಳೆಯುವ ಬಳ್ಳಿ ಕಂಡರೆ ಕಾಲು ಮುಂದಕ್ಕೆ ಹೋಗುವುದಿಲ್ಲ. ಅಮೆರಿಕದಲ್ಲಿ ಯಾರೋ ಅಜ್ಜಿಯ ಅಟ್ಟದಲ್ಲಿ ಹಳೆಯ ಬಟ್ಟೆಯ ಕೆಳಗೆ ಇಂಥದ್ದೊಂದು ಸಿಕ್ಕಿತು, ಮೊಮ್ಮಗ ಅದನ್ನು ಚಿಲ್ಲರೆ ಕಾಸಿಗೆ ಮಾರಿದ ಎಂಬ ಕತೆಗಳು ಸಂಗ್ರಾಹಕರ ಮಧ್ಯೆ ಪುರಾಣದಂತೆ ಓಡಾಡುತ್ತವೆ. ನಮಗೆ ಅಂಥ ಅಟ್ಟಗಳೆಲ್ಲಿ? ನಮ್ಮ ಅಜ್ಜಿಯ ಅಟ್ಟದಲ್ಲಿದ್ದದ್ದು ಜೋಳದ ಗುಮ್ಮಿ.

ಅಟ್ಟವಿಲ್ಲದಿದ್ದರೇನು, ಹೈದರಾಬಾದಿನಲ್ಲಿ ಜುಮೇರಾತ್ ಬಜಾರ್ ಇದೆ. ಪುರಾನಾಪುಲ್ ಹತ್ತಿರ ಗುರುವಾರಕ್ಕೊಮ್ಮೆ ಸೇರುವ ಹಳೇ ಸಾಮಾನಿನ ಸಂತೆ. ನನ್ನ ತರ್ಕ ಇಷ್ಟೇ: ಸಿಕಂದರಾಬಾದಿನಲ್ಲಿ ಇಂಗ್ಲಿಷರ ದಂಡು 1806ರಿಂದ ಇತ್ತು. ದಂಡು ಇದ್ದಲ್ಲಿ ಬ್ಯಾಂಡು. ಕ್ಲಬ್ಬು ಇದ್ದಲ್ಲಿ ಡಾನ್ಸು. 1922ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಪ್ರೀಮಿಯರ್ ಕಂಪನಿಯ ಡ್ರಮ್ಮಾದರೂ ಹಡಗು ಹತ್ತಿ ಬಂದಿರಬೇಕು. ಯಾವನೋ ಶೋಕಿಲಾಲ ಸಾಹೇಬ ಒಂದು ಲುಡ್ವಿಗ್ ತರಿಸಿದ್ದಾನು, 1947ರಲ್ಲಿ ಅವಸರದಲ್ಲಿ ಬಿಟ್ಟು ಹೋಗಿದ್ದಾನು. ಬಿಟ್ಟದ್ದು ಎಲ್ಲಿಗೆ ಹೋಗಬೇಕು? ಗುಜರಿಗೆ. ಹೀಗೆಂದುಕೊಂಡು ಗುರುವಾರ ರಜೆ ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗುತ್ತೇನೆ. ಮನೆಯಲ್ಲಿ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋಗುತ್ತೇನೆಂದು ಹೇಳಿರುತ್ತೇನೆ. ಸಾಹಿತ್ಯದ ಮೇಲೆ ನನ್ನ ಒಲವು ಈಚೆಗೆ ಹೆಚ್ಚಿದೆಯೆಂದು ಆಕೆ ಬಂಧುಗಳಿಗೆಲ್ಲ ತಿಳಿಸಿದ್ದಾಳೆ.

ಅಲ್ಲೊಬ್ಬ ಮುದುಕ ಹಿತ್ತಾಳೆ ಸಾಮಾನು ಗುಡ್ಡೆ ಹಾಕಿಕೊಂಡು ಕೂರುತ್ತಾನೆ. ನಾನು ಫೋನಿನಲ್ಲಿ ಬ್ಲ್ಯಾಕ್ ಬ್ಯೂಟಿಯ ಚಿತ್ರ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಚಿತ್ರವನ್ನು ದೂರ ಹಿಡಿದು ಹತ್ತಿರ ಹಿಡಿದು ನೋಡಿದ.

"ಪೀತಲ್ ಹೈ?"

"ಹೌ."

"ತೋ ಕಿಲೋ ಪೇ ಆತಾ ಮಿಯಾ. ಬಾಜಾ ಹೋ ಕಿ ಬದ್ನಾ, ಹಮ್ನಾ ಏಕೀಚ್."

ವಾದ್ಯವಾದರೂ ಸರಿ ಬದ್ನಾ ಚೊಂಬಾದರೂ ಸರಿ, ಅವನಿಗೆ ಹಿತ್ತಾಳೆ ಕಿಲೋ ಲೆಕ್ಕ. ಈ ಮಾತಿನಿಂದ ನನ್ನ ಎದೆ ಒಮ್ಮೆ ಅರಳಿತು, ಒಮ್ಮೆ ಒಡೆಯಿತು. ಸಿಕ್ಕರೆ ಕಿಲೋ ದರಕ್ಕೆ ಸಿಗುತ್ತದೆ. ಆದರೆ ಇಷ್ಟರಲ್ಲಿ ಎಷ್ಟು ಬ್ಲ್ಯಾಕ್ ಬ್ಯೂಟಿಗಳು ಕರಗಿ ಈ ಊರಿನ ಬಾಗಿಲ ಚಿಲಕಗಳಾಗಿವೆಯೋ! ಈಗ ಯಾರ ಮನೆಗೆ ಹೋದರೂ ಹಿತ್ತಾಳೆ ಚಿಲಕವನ್ನು ಉಗುರಿನಿಂದ ಒಮ್ಮೆ ತಟ್ಟಿ ಕೇಳುವ ಅಭ್ಯಾಸವಾಗಿದೆ.

ಡ್ರಮ್ಮಿನ ಆಸೆಗೆ ಹೈದರಾಬಾದ್ ಕೆಟ್ಟ ಊರು. ಬೇರೆ ಕಡೆ ಕಿವಿಗೆ ಸ್ವಲ್ಪ ಬಿಡುವು ಸಿಕ್ಕೀತು. ಇಲ್ಲಿ ಆಷಾಢ ಬಂದರೆ ಬೋನಾಲು ಹಬ್ಬ: ಗೋಲ್ಕೊಂಡದಲ್ಲಿ ಶುರುವಾಗಿ, ಸಿಕಂದರಾಬಾದಿನ ಉಜ್ಜಯಿನಿ ಮಹಾಕಾಳಿ ಗುಡಿ ಹಾದು ಲಾಲ್ ದರ್ವಾಜಾಕ್ಕೆ ಬರುವವರೆಗೆ ಡಪ್ಪಿನ ಸದ್ದು, ಅದರ ಮುಂದೆ ಪೋತರಾಜನ ಕುಣಿತ. ಮಳೆಗಾಲದ ಥಂಡಿಗೆ ಚರ್ಮ ಮೆತ್ತಗಾದಾಗ ಬೀದಿ ಬದಿಯಲ್ಲಿ ಕಾಗದ ಉರಿಸಿ ಕಾಯಿಸಿಕೊಳ್ಳುತ್ತಾರೆ. ನಾನು ಮುದಗಲ್ ಕಡೆಯವನು. ನಮ್ಮ ಮೊಹರಮ್ಮಿನಲ್ಲಿ ಹಲಗೆಯವರು ಅಲಾಯಿ ಕುಣಿಯ ಬೆಂಕಿಯ ಹತ್ತಿರ ಹಲಗೆ ಕಾಯಿಸಿ, ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ, ಮತ್ತೆ ಕಾಯಿಸಿ ಹದಕ್ಕೆ ತರುತ್ತಿದ್ದುದನ್ನು ಬಾಯಿ ಬಿಟ್ಟುಕೊಂಡು ನೋಡಿದವನು. 1950ರ ದಶಕದ ಕೊನೆಯಲ್ಲಿ ಅಮೆರಿಕದವರು ಪ್ಲಾಸ್ಟಿಕ್ ಚರ್ಮ ತಂದು ಡ್ರಮ್ಮರುಗಳನ್ನು ಈ ಹವಾಮಾನದ ಕಾಟದಿಂದ ಬಿಡಿಸಿದರು. ಹಳೆಯ ಡ್ರಮ್ಮು ಕೊಂಡ ಸಂಗ್ರಾಹಕರು ಈಗ ದುಬಾರಿ ಬೆಲೆ ಕೊಟ್ಟು ಕರುವಿನ ಚರ್ಮವನ್ನೇ ಹಾಕಿಸಿಕೊಂಡು ಮತ್ತೆ ಕಾಟಕ್ಕೆ ಬಿದ್ದಿದ್ದಾರೆ.

ಹೈದರಾಬಾದಿನ ಮದುವೆಯಲ್ಲಂತೂ ಮರ್ಫಾ ಇಲ್ಲದಿದ್ದರೆ ಮದುಮಗ ಕುದುರೆ ಇಳಿಯುವುದಿಲ್ಲ. ಯೆಮೆನ್ ಕಡೆಯ ಅರಬರೂ ಆಫ್ರಿಕಾ ಮೂಲದ ಸಿದ್ದಿಗಳೂ ನಿಜಾಮನ ಸೈನ್ಯಕ್ಕೆ ಬಂದಾಗ ಜೊತೆಯಲ್ಲಿ ತಂದ ಲಯ ಅದು. ಅರಬರ ಠಾಣ್ಯ ಇವತ್ತಿನ ಬಾರ್ಕಸ್. ಸಿದ್ದಿ ಕುದುರೆ ಪಡೆ, ಅಂದರೆ ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್ ಇದ್ದ ಜಾಗ ಇವತ್ತಿನ ಎ.ಸಿ. ಗಾರ್ಡ್ಸ್. ಸೈನ್ಯ ಹೋಯಿತು, ನಿಜಾಮ ಹೋದ, ಮರ್ಫಾದ ತೀನ್‌ಮಾರ್ ಲಯ ಉಳಿಯಿತು. ಅದು ಕಿವಿಗೆ ಬಿದ್ದ ಮೇಲೆ ಬ್ಯಾಂಕ್ ಮ್ಯಾನೇಜರನೂ ಕರ್ಚೀಫು ತೆಗೆದು ಹಲ್ಲಲ್ಲಿ ಕಚ್ಚುತ್ತಾನೆ.

ಇಂಥದೇ ಒಂದು ಮೆರವಣಿಗೆ ನಮ್ಮ ಓಣಿಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ನಿಂತಿತ್ತು. ಮರ್ಫಾದವರ ಹಿಂದೆ ಕೆಂಪು ಕೋಟಿನ ಬ್ರಾಸ್ ಬ್ಯಾಂಡು, ಅದರಲ್ಲಿ ಸೈಡ್ ಡ್ರಮ್ ಬಾರಿಸುವ ಒಬ್ಬ ಸಣಕಲ ಹುಡುಗ. ಏನು ಸದ್ದು ಅದು! ಒಣ ಬಿದಿರು ಸೀಳಿದಷ್ಟು ಚುರುಕು, ಎರಡು ಮಹಡಿ ಮೇಲಿನ ನನ್ನ ಬಾಲ್ಕನಿಯವರೆಗೂ ಒಂದೊಂದು ಪೆಟ್ಟು ಬಿಡಿಬಿಡಿಯಾಗಿ ಬರುತ್ತಿತ್ತು. ಬಾರಿಸಲು ಹಿಡಿದಿದ್ದ ಕಡ್ಡಿಗಳಲ್ಲಿ ಒಂದು ಉದ್ದ, ಒಂದು ಗಿಡ್ಡ. ನಾನು ಲುಂಗಿಯಲ್ಲೇ ಇಳಿದು ಹೋಗಿ, ಅವರು ಬೀಡಿಗೆಂದು ನಿಂತಾಗ ಡ್ರಮ್ಮು ತಿರುಗಿಸಿ ನೋಡಿದೆ. ತಗಡಿನ ಚಿಪ್ಪು, ಮೀರತ್ತಿನ ಮಾಲು. ನಮ್ಮ ದೇಶದ ಬ್ಯಾಂಡುಗಳ ಸಾಮಾನೆಲ್ಲ ಬಹುಪಾಲು ಅಲ್ಲಿಯ ಜಾಲಿ ಕೋಠಿಯಿಂದ ಬರುತ್ತದೆ. ಮೇಲಿನ ಚರ್ಮಕ್ಕೆ ಸೆಲ್ಲೋ ಟೇಪು. ತಿರುಪುಗಳಲ್ಲಿ ಎರಡು ಮಾಯ, ಅಲ್ಲಿ ಕಬ್ಬಿಣದ ತಂತಿ ಬಿಗಿದಿತ್ತು. ಕೆಳಗೆ ಸ್ನೇರ್ ಪಟ್ಟಿಯಿದ್ದ ಜಾಗದಲ್ಲಿ ಸೈಕಲ್ ಬ್ರೇಕಿನ ಕೇಬಲ್ಲು ಬಿಚ್ಚಿ ಎಳೆ ಎಳೆಯಾಗಿ ಕಟ್ಟಿದ್ದ.

ಮಾರುತ್ತೀಯಾ ಎಂದೆ. ಹುಡುಗ ನನ್ನ ಲುಂಗಿ ನೋಡಿದ, ಡ್ರಮ್ಮು ನೋಡಿದ, "ಶಾದಿಯಾಂ ಕಾ ಸೀಸನ್ ಹೈ ಅಂಕಲ್, ನಕ್ಕೋ," ಎಂದ. ನನ್ನ ಮನೆಯ ಯಾವ ಡ್ರಮ್ ಬೇಕಾದರೂ ಬದಲಿಗೆ ಕೊಡುತ್ತೇನೆಂದೆ. ಮೇಲೆ ಬಂದು ಸಾಲಾಗಿ ಎಲ್ಲವನ್ನೂ ಬಾರಿಸಿ ನೋಡಿದ. ನಮ್ಮ ಮನೆಯವಳು ಅವನಿಗೆ ಚಹಾ ಕೊಟ್ಟಳು, ಎರಡು ಚಕ್ಕುಲಿ ಕೊಟ್ಟಳು. ಯಾವುದಾದರೂ ಒಂದು ಡಬ್ಬಿ ಮನೆ ಬಿಟ್ಟು ಹೋದೀತೆಂಬ ಆಸೆ ಅವಳ ಮುಖದ ಮೇಲೆ ಎದ್ದು ಕಾಣುತ್ತಿತ್ತು. ಹುಡುಗ ಚಕ್ಕುಲಿ ಮುರಿಯುತ್ತ ಹೇಳಿದ, "ಸಬ್ ಏಕೀಚ್ ಹೈ ಅಂಕಲ್." ಎಲ್ಲಾ ಒಂದೇ ನಮೂನಿ!

ಆಕೆ ಅವನಿಗೆ ಇನ್ನೆರಡು ಚಕ್ಕುಲಿ ಹಾಕಿದಳು.

ಅವನ ಡ್ರಮ್ಮು ನನಗೆ ಸಿಗುವುದಿಲ್ಲ, ಗೊತ್ತಾಯಿತು. ಬ್ಲ್ಯಾಕ್ ಬ್ಯೂಟಿಯ ಮೇಲಿನ ಆಸೆ ಮಾತ್ರ ಹಾಗೇ ಇದೆ. ಆದ್ದರಿಂದ ಓದುಗರಲ್ಲಿ ಒಂದು ಅರಿಕೆ. ಹೈದರಾಬಾದಿನ ಗುಜರಿಯಲ್ಲೋ, ಕಲಬುರಗಿ, ಬೀದರ್, ರಾಯಚೂರಿನ ಯಾವುದಾದರೂ ಹಳೆಯ ವಾಡೆಯಲ್ಲೋ, 14 ಇಂಚು ಅಗಲದ, ಎರಡೂ ಕಡೆ ಬಾಯಿ ಇರುವ, ಕಪ್ಪು ಮೈಯಲ್ಲಿ ಹಿತ್ತಾಳೆ ಬಳ್ಳಿ ಮಿಂಚುವ ಪಾತ್ರೆ ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ತಕ್ಕಡಿಗೆ ಹಾಕಲು ಬಿಡಬೇಡಿ. ಕೂಡಲೇ ಫೋನ್ ಮಾಡಿ. ನಮ್ಮ ಮನೆಯವಳು ಎತ್ತಿಕೊಂಡರೆ ಸಾಹಿತ್ಯ ಮಂದಿರದಿಂದ ಎಂದು ಹೇಳಿ.