ಮಗು ಅಳಲಿ, ಫೋಟೋ ಬರಲಿ

ಮಗುವಿನ ದೀಕ್ಷಾಸ್ನಾನಕ್ಕೆ ದಿನ ಗೊತ್ತುಮಾಡಲು ನೇರ ಇಗರ್ಜಿಗೆ ಹೋಗಬೇಡಿ. ಮೊದಲು ಫೋಟೋಗ್ರಾಫರ್‌ಗೆ ಫೋನ್ ಮಾಡಿ. ಅವನಿಗೆ ಬಿಡುವಿರುವ ಭಾನುವಾರ ತಿಳಿದ ಮೇಲೆ ಹಾಲ್ ಬುಕ್ ಮಾಡಿ, ಆಮೇಲೆ ಅಡುಗೆಯವರಿಗೆ ಹೇಳಿ. ಫಾದರ್ ಹೇಗೂ ಇಗರ್ಜಿಯಲ್ಲೇ ಇರುತ್ತಾರೆ, ಅವರಿಗೆ ಕೊನೆಯಲ್ಲಿ ತಿಳಿಸಿದರೆ ಸಾಕು. ಮಗು ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ದೀಕ್ಷಾಸ್ನಾನ ಆಗಬೇಕು ಎನ್ನುತ್ತದೆ ಕೆಥೋಲಿಕ್ ಚರ್ಚಿನ ಕಾನೂನು. ಅದನ್ನು ಬರೆದವರು ಕ್ಯಾಮೆರಾ ಹಿಡಿದವರಲ್ಲ. ಒಂದು ತಿಂಗಳ ಕೂಸಿನ ಕತ್ತು ನಿಲ್ಲುವುದಿಲ್ಲ, ಲೆನ್ಸ್ ಎಲ್ಲಿದೆಯೆಂದು ಅದಕ್ಕೆ ಗೊತ್ತಾಗುವುದಿಲ್ಲ. ಏಳೆಂಟು ತಿಂಗಳು ತಡೆಯಿರಿ. ಅಷ್ಟರಲ್ಲಿ ಕುವೈತಿನ ಭಾವನಿಗೂ ರಜೆ ಸಿಗುತ್ತದೆ.

ಗಾಡ್‌ಫಾದರ್, ಗಾಡ್‌ಮದರ್ ಆಯ್ಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಬ್ಬರಿದ್ದರೂ ನಡೆಯುತ್ತದೆ, ಆದರೆ ಹದಿನಾರು ತುಂಬಿರಬೇಕು, ಹೆತ್ತವರೇ ಆಗಿರಬಾರದು ಎನ್ನುತ್ತದೆ ನಿಯಮ. ನೀವು ಇಬ್ಬರನ್ನೇ ಆರಿಸಿ, ಎತ್ತರ ಸರಿಹೊಂದುವವರನ್ನು ಆರಿಸಿ. ಒಬ್ಬರು ಉದ್ದ, ಇನ್ನೊಬ್ಬರು ಗಿಡ್ಡವಾದರೆ ಫ್ರೇಮ್ ಒಂದು ಕಡೆಗೆ ವಾಲುತ್ತದೆ. ಮಗುವನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆ ಅವರದ್ದು ನಿಜ. ಅದಕ್ಕೆ ಮುಂದೆ ಬೇಕಾದಷ್ಟು ವರ್ಷಗಳಿವೆ.

ಅಜ್ಜಿ ಪೆಟ್ಟಿಗೆಯಿಂದ ಒಂದು ಬಿಳಿ ಅಂಗಿ ತೆಗೆದು ತರುತ್ತಾರೆ. ನಿಮಗೂ ನಿಮ್ಮಪ್ಪನಿಗೂ ಅದನ್ನೇ ತೊಡಿಸಿದ್ದು ಎನ್ನುತ್ತಾರೆ. ಮುಟ್ಟಿ ನೋಡಿ, ಹೊಗಳಿ, ನುಸಿಗುಳಿಗೆಯ ಜೊತೆ ವಾಪಸ್ ಒಳಗಿಡಿ. ಮೆತ್ತನೆಯ ಹಳೇ ಹತ್ತಿಬಟ್ಟೆ ಫೋಟೋದಲ್ಲಿ ಏಳುವುದಿಲ್ಲ. ಮಗುವಿಗಿಂತ ಎರಡು ಪಟ್ಟು ಉದ್ದದ, ನೆಟ್ಟಿನ, ಮಣಿ ಪೋಣಿಸಿದ ಗೌನ್ ತರಿಸಿ. ಅದು ಕುತ್ತಿಗೆಗೆ ಚುಚ್ಚುತ್ತದೆ. ಚುಚ್ಚಿದರೇ ಮುಖದಲ್ಲಿ ಭಾವ ಬರುವುದು. ಒಂದು ತಾಂತ್ರಿಕ ವಿಷಯ: ಆಟೋ ಮೋಡಿನಲ್ಲಿ ಬಿಟ್ಟ ಕ್ಯಾಮೆರಾ ಬಿಳಿಯನ್ನು ಬೂದು ಎಂದು ಲೆಕ್ಕ ಹಾಕುತ್ತದೆ, ಗೌನ್ ಮಾಸಿದಂತೆ ಬರುತ್ತದೆ. ಫೋಟೋಗ್ರಾಫರ್ "ಎಡಿಟಿಂಗ್‌ನಲ್ಲಿ ಸರಿ ಮಾಡುವ" ಎನ್ನುತ್ತಾನೆ. ನಂಬಿ.

ಮಂಗಳೂರು ಕಡೆಯ ಹಳೆಯ ಇಗರ್ಜಿಗಳೊಳಗೆ ಬೆಳಕು ಕಡಿಮೆ. ಆದ್ದರಿಂದ ದೀಕ್ಷಾಸ್ನಾನದ ತೊಟ್ಟಿಯ ಸುತ್ತ ಸ್ಟಿಲ್ ಕ್ಯಾಮೆರಾದವನು, ವೀಡಿಯೋದವನು, ಗಿಂಬಲ್ ಹಿಡಿದು ಸುತ್ತುವವನು, ಎಲ್‌ಇಡಿ ಲೈಟ್ ಎತ್ತಿ ಹಿಡಿಯುವ ಹುಡುಗ ಎಲ್ಲರನ್ನೂ ಮೊದಲೇ ನಿಲ್ಲಿಸಿ. ಜಾಗ ಉಳಿದರೆ ಹೆತ್ತವರು ನಿಂತುಕೊಳ್ಳಿ. ಮೂರನೇ ಬೆಂಚಿನ ಅಜ್ಜಿಗೆ ನಾಲ್ಕು ಬೆನ್ನುಗಳು ಕಾಣುತ್ತವೆ. ಅವರಿಗೆ ಸಂಜೆ ರೀಲ್ಸ್ ತೋರಿಸಿ.

ಫಾದರ್ ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ, ನಿಮಗೂ ಹಾಕಲು ಹೇಳುತ್ತಾರೆ. ಹೆಬ್ಬೆರಳನ್ನು ಹಣೆಯ ಮೇಲೇ ಇಟ್ಟುಕೊಂಡು ಕ್ಯಾಮೆರಾ ಕಡೆ ತಿರುಗಿ. ಕ್ಲಿಕ್ ಕೇಳುವವರೆಗೆ ತೆಗೆಯಬೇಡಿ. ಮುಂದೆ ಮುಖ್ಯ ಘಟ್ಟ ಬರುತ್ತದೆ: ಸೈತಾನನನ್ನೂ ಅವನ ಕೆಲಸಗಳನ್ನೂ ಅವನ ಆಡಂಬರವನ್ನೂ ತ್ಯಜಿಸುತ್ತೀರಾ ಎಂದು ಒಂದೊಂದಾಗಿ ಕೇಳುತ್ತಾರೆ. ಆ ಹೊತ್ತಿಗೆ ಸರಿಯಾಗಿ ಡ್ರೋನ್ ಮೇಲೇಳಲಿ. "ತ್ಯಜಿಸುತ್ತೇವೆ" ಎಂದು ಗಟ್ಟಿಯಾಗಿ, ಗಲ್ಲ ಎತ್ತಿ ಹೇಳಿ. ರೆಕ್ಕೆಗಳ ಸದ್ದಿಗೆ ಮಾತು ಕೇಳಿಸದಿದ್ದರೆ ಆಮೇಲೆ ಡಬ್ಬಿಂಗ್ ಮಾಡಿಸಬಹುದು.

ನೀರು ಎರೆಯುವುದು ಮೂರು ಸಲ, ಹತ್ತು ಸೆಕೆಂಡಿನ ಕೆಲಸ. ಹನಿಹನಿಯೂ ಗಾಳಿಯಲ್ಲಿ ನಿಂತಂತೆ ಕಾಣಬೇಕಾದರೆ ಶಟರ್ 1/500 ಸೆಕೆಂಡಿಗಿಂತ ನಿಧಾನವಾಗಬಾರದು. ಆದರೂ ಯಾರದೋ ಮೊಣಕೈ ಅಡ್ಡ ಬಂದೇ ಬರುತ್ತದೆ. ಆಗ ಕಂಗೆಡಬೇಡಿ. "ಫಾದರ್, ಇನ್ನೊಂದು ಸಲ, ಒಂಚೂರು ಈ ಕಡೆ ತಿರುಗಿ" ಎಂದು ವಿನಯದಿಂದ ಕೇಳಿ. ಈ ಸಂಸ್ಕಾರ ಜೀವನದಲ್ಲಿ ಒಂದೇ ಸಲ, ಮತ್ತೆ ಕೊಡುವಂತಿಲ್ಲ ಎಂದು ಅವರು ವಿವರಿಸುತ್ತಾರೆ. ಹಾಗಾದರೆ ಮಂತ್ರ ಬೇಡ, ನೀರು ಮಾತ್ರ ಸಾಕು ಎನ್ನಿ. ದೇವಶಾಸ್ತ್ರಕ್ಕೂ ಧಕ್ಕೆಯಿಲ್ಲ, ಆಲ್ಬಮ್ಮಿಗೂ ನಷ್ಟವಿಲ್ಲ. ಮಗು ಎರಡನೇ ಸಲ ಮೊದಲಿಗಿಂತ ಜೋರಾಗಿ ಅಳುವುದರಿಂದ ಚಿತ್ರಕ್ಕೆ ಜೀವ ಬರುತ್ತದೆ.

ಪಾಸ್ಕ ಮೇಣದಬತ್ತಿಯಿಂದ ಹಚ್ಚಿ ಕೊಡುವ ಬತ್ತಿ ಫ್ಯಾನಿನ ಗಾಳಿಗೆ ಆರುತ್ತದೆ, ನೆಟ್ಟಿನ ಗೌನಿಗೂ ಅಪಾಯ. ಬ್ಯಾಟರಿಯದ್ದು ತನ್ನಿ.

ಹಾಲ್‌ನಲ್ಲಿ ಕೇಕ್, ಟೋಸ್ಟ್, ಎಂಸಿಯ ಜೋಕು ಮುಗಿದರೂ ಊಟಕ್ಕೆ ಬಿಡಬೇಡಿ. ಸನ್ನಾಸ್ ತಣ್ಣಗಾಗಲಿ, ಹಂದಿಮಾಂಸದ ಬಫಾತಿನ ಮೇಲೆ ಕೊಬ್ಬು ಹೆಪ್ಪುಗಟ್ಟಲಿ, ಸ್ಟೇಜಿನ ಗ್ರೂಪ್ ಫೋಟೋ ಮುಗಿಯಲಿ. ಹಸಿದವರ ನಗು ಹಿಡಿತದಲ್ಲಿರುತ್ತದೆ. ನಿದ್ದೆ ಹೋದ ಮಗುವನ್ನು ಪ್ರತಿ ಕುಟುಂಬ ಸ್ಟೇಜ್ ಹತ್ತಿದಾಗಲೂ ಎಬ್ಬಿಸಿ.

ಈಗ ನೆನಪು ಶಾಶ್ವತವಾಗುವ ಬಗೆ. ಎರಡು ಸಾವಿರ ಫೋಟೋ ತುಂಬಿದ ಪೆನ್‌ಡ್ರೈವ್ ಕೊಡುತ್ತಾರೆ, ಕರಿಷ್ಮಾ ಆಲ್ಬಮ್ಮಿಗೆ ನೂರು ಆರಿಸಿ ಎನ್ನುತ್ತಾರೆ. ಆರಿಸಲು ಕೂರಬೇಡಿ, ಮುಂದಿನ ವಾರ ಎನ್ನಿ. ಅಷ್ಟರಲ್ಲಿ ಎಲ್ಲವನ್ನೂ ವಾಟ್ಸಾಪಿನಲ್ಲಿ ಹಂಚಿ, ಅದು ಚಿತ್ರಗಳನ್ನು ಕುಗ್ಗಿಸಿ ಕಳಿಸುತ್ತದೆ. ಕುಗ್ಗಿದವನ್ನು ಇಟ್ಟುಕೊಂಡು ಮೂಲವನ್ನು ಅಳಿಸಿ, ಫೋನಿನಲ್ಲಿ ಜಾಗ ಉಳಿಯುತ್ತದೆ. ಯಾರ ಹೆಸರನ್ನೂ ಎಲ್ಲೂ ಬರೆದಿಡಬೇಡಿ. ನೀಲಿ ಸೀರೆಯ ಆ ಚಿಕ್ಕಮ್ಮ ಯಾರೆಂದು ಈಗ ಎಲ್ಲರಿಗೂ ಗೊತ್ತಿದೆಯಲ್ಲ.

ಒಂದು ಸಣ್ಣ ಕೆಲಸ ಬಾಕಿ. ಫಾದರ್ ಆಫೀಸಿಗೆ ಕರೆದು ದೊಡ್ಡ ರಿಜಿಸ್ಟರ್ ತೆರೆಯುತ್ತಾರೆ. ಮಗುವಿನ ಹೆಸರು, ಹುಟ್ಟಿದ ದಿನ, ಊರು, ತಂದೆತಾಯಿ, ಗಾಡ್‌ಪೇರೆಂಟ್ಸ್, ನೀರು ಎರೆದವರು ಎಲ್ಲ ಅಲ್ಲಿ ಶಾಯಿಯಲ್ಲಿ ದಾಖಲಾಗುತ್ತದೆ. ಅಲ್ಲಿ ಟ್ಯೂಬ್‌ಲೈಟ್ ಮಾತ್ರ, ಫೋಟೋಗ್ರಾಫರೂ ಹಾಲ್‌ಗೆ ಹೊರಟಿರುತ್ತಾನೆ. ಹೆಸರಿನ ಸ್ಪೆಲಿಂಗ್ ನೋಡುತ್ತ ಕೂರದೆ ಬೇಗ ಎದ್ದು ಬನ್ನಿ. ಮಗು ಬೆಳೆದು ಮದುವೆಗೆ ನಿಂತಾಗ ಚರ್ಚ್ ಕೇಳುವುದು ಆ ಪುಟದ ಪ್ರತಿಯನ್ನು. ಮದುವೆಯಾದದ್ದನ್ನೂ ಅದೇ ದಾಖಲೆಯ ಪಕ್ಕದಲ್ಲಿ ಬರೆಯುತ್ತಾರೆ. ಆಲ್ಬಂ ತನ್ನಿ ಎಂದು ಯಾರೂ ಹೇಳುವುದಿಲ್ಲ. ಫೋಟೋಗ್ರಾಫರ್‌ನ ಬಾಕಿ ದುಡ್ಡು ಮಾತ್ರ ಇವತ್ತೇ ಕೊಟ್ಟುಬಿಡಿ.